ಕಲ್ಲಿನ ಅಡ್ಡಹೆಸರು

ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯನ್ನು ಕಣ್ಣಾರೆ ಕಂಡವರಿಗಿಂತ ಹೆಸರಿನಲ್ಲಿ ಕೇಳಿದವರೇ ಹೆಚ್ಚು. ಮುರ್ಡೇಶ್ವರಕ್ಕೆ ಹೋಗುವವರು ಹೆದ್ದಾರಿಯಿಂದ ತಿರುಗುವಾಗ ಆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತಾರೆ, ಊರು ಯಾವುದೆಂದು ಕೇಳುವವರು ಕಡಿಮೆ. ಆದರೆ ಆ ಊರನ್ನು ಅಡ್ಡಹೆಸರಾಗಿ ಹೊತ್ತ ಕುಟುಂಬಗಳು ಗೋಕರ್ಣ, ಹುಬ್ಬಳ್ಳಿ, ಮುಂಬಯಿಗಳಲ್ಲಿವೆ. ಗೌರೀಶ ಕಾಯ್ಕಿಣಿಯವರಿಂದಾಗಿ ಕನ್ನಡ ಓದುವವರಿಗೆಲ್ಲ ಆ ಹೆಸರು ಪರಿಚಿತ. ಮನುಷ್ಯ ಎಲ್ಲಿಗೇ ಹೋಗಲಿ, ಮೂಲ ಎಲ್ಲಿಯದು ಎಂಬುದನ್ನು ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಹೋಗುವ ಈ ಪದ್ಧತಿ ನಮ್ಮ ಕರಾವಳಿಯಲ್ಲಿ ಹಳೆಯದು. ಕಲ್ಲುಗಳನ್ನು ಓದುವವರಲ್ಲೂ ಇದೇ ಪದ್ಧತಿಯಿದೆ. ರಾಬರ್ಟ್ ಬ್ರೂಸ್ ಫೂಟ್ ಕನ್ನಡ ನಾಡಿನ ಒಂದು ಬಗೆಯ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರಿಟ್ಟ. ರಾಮನಗರದ ಬಂಡೆಗಳು ಆ ಪಟ್ಟಣದ ಹಳೆಯ ಹೆಸರಿನಿಂದ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಇದನ್ನು ಬರೀ ಅಭಿಮಾನದ ಮಾತೆಂದು ತಿಳಿಯಬಾರದು. ಭೂವಿಜ್ಞಾನದಲ್ಲಿ ಒಂದು ಕಲ್ಲಿನ ಬಗ್ಗೆ ಹೇಳಿದ ಉಳಿದ ಎಲ್ಲ ಮಾತಿಗೂ ಆಧಾರ ಅದರ ಊರು. ಊರು ಸುಳ್ಳಾದರೆ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಉತ್ತರ ಕನ್ನಡದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುತ್ತದೆ. ಕಪ್ಪಗೆ, ನುಣ್ಣಗೆ, ಒಡೆದ ಭಾಗದಲ್ಲಿ ಚಕ್ರದಂಥ ಸುರುಳಿ ಕಾಣುವ ಕಲ್ಲು. ನೇಪಾಳದ ಕಾಳಿ ಗಂಡಕಿ ನದಿಯಿಂದ ಬಂದದ್ದು. ಆ ಸುರುಳಿ ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು, ವಯಸ್ಸು ಸುಮಾರು 15 ಕೋಟಿ ವರ್ಷ. ಹಿಮಾಲಯ ಮೇಲೇಳುವ ಮೊದಲು ಅಲ್ಲಿ ಕಡಲಿತ್ತು ಎಂಬುದಕ್ಕೆ ಸಾಕ್ಷಿಯಾಗಬಲ್ಲ ವಸ್ತುವಿಗೆ ಅರಬ್ಬಿ ಸಮುದ್ರದ ದಂಡೆಯಲ್ಲಿ ತಲೆಮಾರುಗಳಿಂದ ಅಭಿಷೇಕ ನಡೆದಿದೆ. ಇದು ಗಂಡಕಿಯದೇ ಹೌದೇ, ಯಾರು ಹೆಕ್ಕಿದರು, ಯಾವ ದಂಡೆಯಲ್ಲಿ ಎಂದು ಪೂಜೆ ಮಾಡುವವರು ಕೇಳುವುದಿಲ್ಲ. ಕೇಳಬೇಕಾದ್ದೂ ಇಲ್ಲ, ಭಕ್ತಿಗೆ ಆ ಉತ್ತರ ಬೇಕಿಲ್ಲ. ಅದೇ ಕಲ್ಲನ್ನು ಭೂವಿಜ್ಞಾನಿಯ ಮೇಜಿನ ಮೇಲಿಟ್ಟರೆ ಅವನು ಕೇಳುವ ಮೊದಲ ಪ್ರಶ್ನೆ ಅದೇ: ಎಲ್ಲಿ ಸಿಕ್ಕಿತು? ಉತ್ತರವಿಲ್ಲದಿದ್ದರೆ ಅದು ಅವನಿಗೆ ಚಂದದ ಕಲ್ಲು ಮಾತ್ರ. ಈ ಪ್ರಶ್ನೆಯನ್ನು ಒಂದು ವಿಜ್ಞಾನ ಸಂಘ ಎಷ್ಟು ಗಟ್ಟಿಯಾಗಿ, ಯಾರ ಮುಖಕ್ಕೂ ಹೆದರದೆ ಕೇಳುತ್ತದೆ ಎಂಬುದರಲ್ಲಿ ಆ ಸಂಘದ ಪ್ರಾಮಾಣಿಕತೆ ಇದೆ. ಅದು ಕೊಡುವ ಪ್ರಶಸ್ತಿಗಳಲ್ಲಾಗಲಿ, ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳಲ್ಲಾಗಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಚರಿತ್ರೆಯ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ.

ಅದಕ್ಕೂ ಮುಂಚೆ ನಮ್ಮ ಕಾಲಕೆಳಗಿನ ಕಲ್ಲಿನ ಕಥೆ ಒಂದಿಷ್ಟು ಹೇಳಬೇಕು. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರು ಸುತ್ತಿ 1801ರ ಆರಂಭದಲ್ಲಿ ಭಟ್ಕಳ, ಹೊನ್ನಾವರದ ದಾರಿಯಲ್ಲಿ ಬಂದ. ನಾವು ಚಿರೇಕಲ್ಲು ಎನ್ನುವ ಕೆಂಪು ಕಲ್ಲನ್ನು ಅವನು ಈ ಪ್ರಯಾಣದಲ್ಲಿ ಮತ್ತೆ ಮತ್ತೆ ಕಂಡ. ನೆಲದೊಳಗಿರುವಾಗ ಮೆತ್ತಗಿದ್ದು ಹರಿತವಾದ ಕಬ್ಬಿಣಕ್ಕೆ ಸಲೀಸಾಗಿ ಕಡಿಯಲು ಬರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗಿ ಮಳೆಗೂ ಜಗ್ಗುವುದಿಲ್ಲ ಎಂದು ಗುರುತಿಸಿದ. ಕಲ್ಲುಕಣಿಯಲ್ಲಿ ದುಡಿಯುವ ಯಾರಿಗಾದರೂ ಇದು ಗೊತ್ತಿದ್ದ ಸಂಗತಿ, ಬುಕಾನನ್‌ಗೆ ಹೊಸದು. 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಇದಕ್ಕೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಈ ಹೆಸರು ಹುಟ್ಟಿದ್ದು ಮಲಬಾರಿನ ಅಂಗಡಿಪ್ಪುರಂನ ಕಲ್ಲನ್ನು ನೋಡಿ, ಹಾಗೆಂದು ಅವನು ಸ್ಪಷ್ಟವಾಗಿ ಬರೆದಿಟ್ಟ. ಹಾಗಾಗಿಯೇ ಇನ್ನೂರು ವರ್ಷಗಳ ನಂತರವೂ ಲ್ಯಾಟರೈಟ್ ಎಂದರೆ ನಿಜಕ್ಕೂ ಯಾವ ಕಲ್ಲು ಎಂಬ ಜಗಳ ಬಂದಾಗ ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಅಂಗಡಿಪ್ಪುರಂಗೆ ಹೋಗಿ ನಿಂತು ನೋಡಬಹುದು. ಅಲ್ಲಿ ಅವನ ನೆನಪಿಗೆ ಸ್ಮಾರಕವೂ ಇದೆ. ಬುಕಾನನ್ ಕಂಪನಿ ಸರಕಾರದ ನೌಕರ, ಅವನ ಸಮೀಕ್ಷೆಯ ಉದ್ದೇಶ ನಮ್ಮ ಉದ್ಧಾರವಾಗಿರಲಿಲ್ಲ. ಆದರೆ ಊರ ಹೆಸರನ್ನು ಬರೆದಿಡುವ ಅವನ ಶಿಸ್ತಿನಲ್ಲಿ ಕೊರತೆಯಿರಲಿಲ್ಲ.

ಆ ಶಿಸ್ತು ಮೈಸೂರು ಸಂಸ್ಥಾನದಲ್ಲಿ ಒಂದು ಇಲಾಖೆಯ ರೂಪ ಪಡೆದದ್ದು 1894ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ನಿವೃತ್ತನಾಗಿದ್ದ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥ. ಅವನು ಕೂಡಿಹಾಕಿದ ಶಿಲಾಯುಗದ ಆಯುಧ, ಮಡಕೆ ಚೂರುಗಳ ಸಂಗ್ರಹ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ಅವನು ಸತ್ತ ಮೇಲೆ ಪ್ರಕಟವಾದ ಅದರ ಪಟ್ಟಿ ಒಂದೊಂದು ವಸ್ತುವಿಗೂ ಸಿಕ್ಕಿದ ಜಾಗವನ್ನು ಕಟ್ಟಿಕೊಟ್ಟಿದೆ. ಇಂಥ ಹಿನ್ನೆಲೆಯ ಮೇಲೆ 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿತು. 1851ರ ಸರ್ವೇಕ್ಷಣೆ ಸರಕಾರದ್ದು, ಇದು ಸದಸ್ಯರ ಚಂದಾ ಮತ್ತು ದುಡಿಮೆಯ ಮೇಲೆ ನಿಂತದ್ದು. ಹೆಸರು ಹತ್ತಿರವಿರುವುದರಿಂದ ಇಂದಿಗೂ ಜನ ಒಂದನ್ನು ಇನ್ನೊಂದೆಂದು ತಿಳಿಯುವುದುಂಟು. ಮೊದಲ ಅಧ್ಯಕ್ಷರು ಡಿ.ಎನ್. ವಾಡಿಯಾ, ಕಾಶ್ಮೀರದ ಆಚೆ ಹಿಮಾಲಯದ ಶಿಲಾಪದರಗಳು ಮೊಣಕೈಯಂತೆ ಬಾಗಿರುವುದನ್ನು ಕಾಲ್ನಡಿಗೆಯಲ್ಲಿ ಅಳೆದು ನಕ್ಷೆಯಲ್ಲಿ ತೋರಿಸಿದವರು. ಪತ್ರಿಕೆಯ ಮೊದಲ ಸಂಪುಟ ಬಂದದ್ದು 1959ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾವ್ ಅದರ ಸಂಪಾದಕರು. ಮೈಸೂರು ಭೂವಿಜ್ಞಾನ ಇಲಾಖೆಯ ಬಿ.ಪಿ. ರಾಧಾಕೃಷ್ಣ ಸಂಘದ ಸ್ಥಾಪಕರಲ್ಲೊಬ್ಬರು. ಮುಂದೆ ಇಲಾಖೆಯ ನಿರ್ದೇಶಕರಾಗಿ 1974ರಲ್ಲಿ ನಿವೃತ್ತರಾದ ಮೇಲೆ ಸುಮಾರು ಎರಡು ದಶಕ ಪತ್ರಿಕೆಯ ಸಂಪಾದಕರಾಗಿ ಅದನ್ನು ಹೊತ್ತು ನಡೆಸಿದರು. ಸಂಘದ ಕಚೇರಿ ಗವಿಪುರದಲ್ಲಿ. ಹತ್ತಿರದಲ್ಲೇ ಬಂಡೆಯ ಗವಿಯಲ್ಲಿ ಗಂಗಾಧರೇಶ್ವರನ ಗುಡಿಯಿದೆ. ಭೂವಿಜ್ಞಾನಿಗಳಿಗೆ ಇದಕ್ಕಿಂತ ಒಪ್ಪುವ ವಿಳಾಸ ಸಿಗುವುದು ಕಷ್ಟ.

ಸಂಘ ಪ್ರಶಸ್ತಿಗಳನ್ನೂ ಕೊಡುತ್ತ ಬಂದಿದೆ. ರಾಮರಾವ್ ಅವರ ಜನ್ಮಶತಮಾನೋತ್ಸವದ ನೆನಪಿನದು, ಎಸ್. ನಾರಾಯಣಸ್ವಾಮಿ, ಎಂ.ಆರ್. ಶ್ರೀನಿವಾಸ ರಾವ್ ಹೆಸರಿನವು, ರಾಧಾಕೃಷ್ಣರ ಹೆಸರಿನದು, ಹೀಗೆ. ಇವೆಲ್ಲ ಗುರುಗಳ ಹೆಸರನ್ನು ಶಿಷ್ಯರ ತಲೆಮಾರಿಗೆ ದಾಟಿಸುವ ಏರ್ಪಾಡು, ತಪ್ಪೇನಿಲ್ಲ. ಆದರೆ ರಾಮರಾವ್ ಅವರ ಹೆಸರು ಬಂದಾಗ ನೆನೆಯಬೇಕಾದ್ದು ಅವರ 1936ರ ಒಂದು ಕೆಲಸ. ತಿರುಚಿನಾಪಳ್ಳಿ ಸೀಮೆಯ ನಿನ್ನಿಯೂರು ಸುಣ್ಣಕಲ್ಲಿನಲ್ಲಿ ಅವರು ಪಾಚಿಯ ಪಳೆಯುಳಿಕೆಗಳನ್ನು ಕಂಡು, ಅಂಥ ಪಾಚಿಗಳ ವಿಷಯದಲ್ಲಿ ಯುರೋಪಿನ ದೊಡ್ಡ ತಜ್ಞನಾಗಿದ್ದ ವಿಯೆನ್ನಾದ ಜೂಲಿಯಸ್ ಪಿಯಾ ಜೊತೆ ಸೇರಿ ಅವನ್ನು ವರ್ಣಿಸಿದರು. ಇದರಲ್ಲಿ ಕೆಲಸ ಹಂಚಿಕೆಯಾದ ರೀತಿಯನ್ನು ಗಮನಿಸಬೇಕು. ನೆಲ ಬಲ್ಲವನು ಇಲ್ಲಿದ್ದಾನೆ, ಜೀವಿಯನ್ನು ಗುರುತಿಸಬಲ್ಲವನು ಸಾವಿರಾರು ಮೈಲಿ ದೂರದಲ್ಲಿದ್ದಾನೆ. ಇದು ನಿನ್ನಿಯೂರಿನ ಕಲ್ಲು ಎಂಬ ಇಲ್ಲಿಯವನ ಮಾತನ್ನು ಅಲ್ಲಿಯವನು ನಂಬಬೇಕು, ಬೇರೆ ದಾರಿಯಿಲ್ಲ. ರಾಮರಾವ್ ವಿಷಯದಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ. ಪದರ ಅಲ್ಲೇ ಇದೆ, ಯಾರು ಬೇಕಾದರೂ ಸುತ್ತಿಗೆ ಹಿಡಿದು ಹೋಗಬಹುದಿತ್ತು. ಬೇರೊಂದು ವಿಶ್ವವಿದ್ಯಾಲಯದಲ್ಲಿ, ಮೂವತ್ತು ವರ್ಷಗಳ ನಂತರ, ಇದೇ ಹಂಚಿಕೆ ಇನ್ನೊಂದು ಬಗೆಯಲ್ಲಿ ಬಳಕೆಗೆ ಬಂತು.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿಶ್ವಜಿತ್ ಗುಪ್ತಾ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ 1960ರ ದಶಕದಿಂದ ಸುಮಾರು 25 ವರ್ಷ ಎಡೆಬಿಡದೆ ಬರೆದರು. ಒಟ್ಟು ಲೇಖನಗಳು 300ಕ್ಕೂ ಹೆಚ್ಚು, ಸಹಲೇಖಕರೇ ನೂರಕ್ಕೂ ಮೇಲೆ. ಹಲವರು ಹೊರದೇಶದ ಹೆಸರಾಂತ ತಜ್ಞರು. ಅವರ ಲೇಖನಗಳಲ್ಲಿ ಬರುತ್ತಿದ್ದ ಪಳೆಯುಳಿಕೆಗಳಲ್ಲಿ ಕೊನೊಡಾಂಟ್‌ಗಳೂ ಇದ್ದವು. ಇವು ಅಳಿದುಹೋದ ಒಂದು ಬಗೆಯ ಕಡಲಜೀವಿಯ ಹಲ್ಲಿನಂಥ ಭಾಗಗಳು, ಬಹುಪಾಲು ಒಂದು ಮಿಲಿಮೀಟರಿಗಿಂತ ಸಣ್ಣವು. ಅವನ್ನು ಹೊರತೆಗೆಯುವ ಬಗೆ ಹೀಗೆ: ಸುಣ್ಣಕಲ್ಲಿನ ತುಂಡುಗಳನ್ನು ಬಕೆಟ್ಟಿನಲ್ಲಿ ಸೌಮ್ಯ ಆಮ್ಲದೊಳಗೆ ದಿನಗಟ್ಟಲೆ ಬಿಡಬೇಕು. ಕಲ್ಲು ಗುಳ್ಳೆಯೆದ್ದು ಕರಗಿಹೋಗುತ್ತದೆ, ತಳದಲ್ಲಿ ಕೆಸರು ಉಳಿಯುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕಬೇಕು. ಕಿಲೋಗಟ್ಟಲೆ ಕಲ್ಲು ಕರಗಿಸಿ ಒಂದೂ ಸಿಗದೆ ಹೋಗುವುದುಂಟು. ಸಿಕ್ಕರೆ ಮಾತ್ರ ಆ ಪದರದ ವಯಸ್ಸನ್ನು ಬಹಳ ನಿಖರವಾಗಿ ಹೇಳಬಹುದು. ಇಷ್ಟೆಲ್ಲ ಆದ ಮೇಲೆ ಕೈಯಲ್ಲಿ ಉಳಿಯುವುದು ಒಂದು ಪುಟ್ಟ ಗಾಜಿನ ಫಲಕದಷ್ಟು ಜಾಗದಲ್ಲಿ ಹಿಡಿಯುವ ಸರಕು. ಅದನ್ನು ತಂದ ಕಲ್ಲು ಆಗಲೇ ಕರಗಿ ಚರಂಡಿ ಸೇರಿರುತ್ತದೆ. ಫಲಕದ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದೆಯೋ ಅದೇ ಅದರ ಊರು. ಅಂಚೆಯ ಲಕೋಟೆಯಲ್ಲಿ ಖಂಡಾಂತರ ದಾಟಬಲ್ಲ ಇಂಥ ವಸ್ತುವಿಗೆ ಬೇರೆ ಚೀಟಿ ಅಂಟಿಸಲು ಎಷ್ಟು ಹೊತ್ತು ಬೇಕು?

ಇದನ್ನೇ ಕೇಳಿದವರು ಆಸ್ಟ್ರೇಲಿಯಾದ ಮ್ಯಾಕ್ವೊರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್. ಗುಪ್ತಾ ಹಿಮಾಲಯದಲ್ಲಿ ಕಂಡೆನೆಂದ ಕೊನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಎಂಬ ಹಳ್ಳದಲ್ಲಿ ಹೇರಳವಾಗಿ ಸಿಗುವಂಥವನ್ನೇ ಹೋಲುತ್ತಿದ್ದವು. ಸಾಲಿಗ್ರಾಮದ ಅಮ್ಮೊನೈಟ್ ಬಳಗದ ಅಮ್ಮೊನಾಯ್ಡ್‌ಗಳು ಮೊರಾಕೊದ ಎರ್ಫೂದ್ ಸುತ್ತ ಸಿಗುವ, ಪಳೆಯುಳಿಕೆ ಅಂಗಡಿಗಳಲ್ಲಿ ಪ್ರವಾಸಿಗರಿಗೆ ಮಾರುವ ಬಗೆಯವಾಗಿದ್ದವು. ಒಂದೇ ಮಾದರಿಯ ಚಿತ್ರ ಬೇರೆಬೇರೆ ಲೇಖನಗಳಲ್ಲಿ ಬೇರೆಬೇರೆ ಊರಿನದೆಂದು ಬಂದಿತ್ತು. ಬೇರೆ ಯಾರು ಆ ಕಣಿವೆಗಳಿಗೆ ಹೋದರೂ ಅಂಥದ್ದು ಸಿಗುತ್ತಿರಲಿಲ್ಲ, ಹೇಳಿದ ಜಾಗದ ವಿವರ ಒಂದು ಬೆಟ್ಟವಿಡೀ ಹಿಡಿಸುವಷ್ಟು ಸಡಿಲವಾಗಿರುತ್ತಿತ್ತು. ಟ್ಯಾಲೆಂಟ್ ಇದನ್ನೆಲ್ಲ 1987ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಸಮ್ಮೇಳನದಲ್ಲಿ ಮುಂದಿಟ್ಟರು, 1988ರಲ್ಲಿ ಜರ್ಮನಿಯ ಪತ್ರಿಕೆಯೊಂದರಲ್ಲಿ ವಿಸ್ತಾರವಾಗಿ ಬರೆದರು. 1989ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಲೆಮಾರಿ ಪಳೆಯುಳಿಕೆಗಳ ಪ್ರಕರಣ ಎಂಬರ್ಥದ ಶೀರ್ಷಿಕೆಯಡಿ ಬರೆದ ಮೇಲೆ ಅದು ಪ್ರಪಂಚದ ಸುದ್ದಿಯಾಯಿತು. ಗುಪ್ತಾ ಎಲ್ಲವನ್ನೂ ಅಲ್ಲಗಳೆದರು.

ಈಗ ಬೆಂಗಳೂರಿನ ಸರದಿ. ಹಿಮಾಲಯದ ಭೂವಿಜ್ಞಾನದ ಬಗ್ಗೆ ಭಾರತದಲ್ಲಿ ಏನೇ ನಡೆದರೂ ಅದನ್ನು ಓದಲು ಭಾರತೀಯ ವಿದ್ಯಾರ್ಥಿ ಹುಡುಕುತ್ತಿದ್ದ ಪತ್ರಿಕೆಗಳಲ್ಲಿ ಮುಖ್ಯವಾದದ್ದು ರಾಧಾಕೃಷ್ಣರ ಸಂಪಾದಕತ್ವದ ಸಂಘದ ಪತ್ರಿಕೆ. ‘ನೇಚರ್’ ಲಂಡನ್ನಿನದು, ನಮ್ಮ ಜಿಲ್ಲಾ ಕೇಂದ್ರದ ಕಾಲೇಜಿಗೆ ಆಗ ಅದು ಬರುತ್ತಿದ್ದುದು ಅಪರೂಪ. ಸಂಘ ಸುಮ್ಮನಿರಬಹುದಿತ್ತು. ವಿಚಾರಣೆ ನಡೆಯಲಿ, ವಿಶ್ವವಿದ್ಯಾಲಯ ನೋಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳಲು ಸಕಲ ಕಾರಣಗಳೂ ಇದ್ದವು. ಆದರೆ 1989ರಲ್ಲೇ ಟ್ಯಾಲೆಂಟ್ ಮತ್ತು ಸಂಗಡಿಗರ ಲೇಖನವನ್ನು ಪತ್ರಿಕೆ ಅಚ್ಚುಹಾಕಿತು. ಹಿಮಾಲಯದ ಪಳೆಯುಳಿಕೆಗಳ ಮಾಹಿತಿ ಭಂಡಾರವೇ ಕಲುಷಿತವಾಗಿದೆ ಎಂಬ ಮಾತು ಶೀರ್ಷಿಕೆಯಲ್ಲೇ ಇತ್ತು. ಒಳಗೆ ಇದ್ದದ್ದು ಬೈಗುಳವಲ್ಲ. ಯಾವ ಲೇಖನದ ಯಾವ ಚಿತ್ರ ಇನ್ನೆಲ್ಲಿಂದ ಬಂದದ್ದು ಎಂಬ ಬೇಸರ ತರಿಸುವಷ್ಟು ವಿವರ. ಆ ಬೇಸರವೇ ಅದರ ಮೌಲ್ಯ ಎಂದು ನನ್ನ ಅಭಿಪ್ರಾಯ. ಓದುಗ ಎರಡು ಪುಸ್ತಕಗಳನ್ನು ಪಕ್ಕಪಕ್ಕ ತೆರೆದಿಟ್ಟು ತಾನೇ ತೀರ್ಮಾನಿಸಬಹುದಿತ್ತು. ಪದಕ ಕೊಡುವಾಗ ಸಂಘಕ್ಕೆ ಖರ್ಚಾಗುವುದು ಒಂದಿಷ್ಟು ಹಣ ಮತ್ತು ಒಂದು ಸಂಜೆ. ಇಂಥ ಲೇಖನ ಅಚ್ಚುಹಾಕುವಾಗ ಖರ್ಚಾಗುವುದು ಸ್ನೇಹ, ಸದಸ್ಯರ ಸಮಾಧಾನ, ಒಂದೊಂದು ಸಲ ನ್ಯಾಯಾಲಯದ ಓಡಾಟ. ಸಂಘದ ಚರಿತ್ರೆಯಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕಟ್ಟಬೇಕೆಂದು ಕೇಳಿದರೆ ನನಗೆ ಅನುಮಾನವಿಲ್ಲ.

ಇದಕ್ಕೆ ಆಗಲೂ ಈಗಲೂ ಕೇಳಿಬರುವ ಒಂದು ಆಕ್ಷೇಪ, ಹೊರಗಿನವನೊಬ್ಬ ನಮ್ಮ ಮರ್ಯಾದೆ ಕಳೆದದ್ದಕ್ಕೆ ನಾವೇ ವೇದಿಕೆ ಕಟ್ಟಿಕೊಟ್ಟೆವಲ್ಲ ಎಂಬುದು. ಪರದೇಶದ ವಿದ್ವಾಂಸರು ಭಾರತದ ವಿಜ್ಞಾನವನ್ನು ಕೀಳಾಗಿ ಕಂಡ ಸಂದರ್ಭಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ, ಆದ್ದರಿಂದ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ದಾಖಲೆ ಬೇರೆಯೇ ಹೇಳುತ್ತದೆ. 1988ರ ಆ ವಿಸ್ತಾರವಾದ ಲೇಖನದಲ್ಲಿ ಟ್ಯಾಲೆಂಟ್ ಜೊತೆ ಹೆಸರಿರುವವರಲ್ಲಿ ರೂರ್ಕಿ ವಿಶ್ವವಿದ್ಯಾಲಯದ ಆರ್.ಕೆ. ಗೋಯಲ್ ಮತ್ತು ಎ.ಕೆ. ಜೈನ್ ಇದ್ದಾರೆ. ಗುಪ್ತಾ ಅವರ ವಿಭಾಗದವರೇ ಆದ ಅರುಣ್ ದೀಪ್ ಅಹ್ಲುವಾಲಿಯಾ ‘ನೇಚರ್’ನಲ್ಲಿ ಬಹಿರಂಗವಾಗಿ ಬರೆದರು. ದಿನಾ ಅದೇ ಕಾರಿಡಾರಿನಲ್ಲಿ ಎದುರಾಗುವವರ ವಿರುದ್ಧ ಬರೆಯಲು ದೂರದ ಸಿಡ್ನಿಯಲ್ಲಿ ಕೂತ ಟ್ಯಾಲೆಂಟ್‌ಗಿಂತ ಹೆಚ್ಚಿನ ಎದೆ ಬೇಕು. ಇನ್ನು ಮೋಸಹೋದವರ ಪಟ್ಟಿ ನೋಡಿದರೆ ಅಲ್ಲಿ ಹೊರದೇಶದವರೂ ಧಾರಾಳವಾಗಿದ್ದಾರೆ. ಪ್ಯಾರಿಸ್ಸಿನ ಫಿಲಿಪ್ ಜಾನ್ವಿಯೆಯಂಥ ಮೀನಿನ ಪಳೆಯುಳಿಕೆಗಳ ದೊಡ್ಡ ತಜ್ಞರು ಕೈಗೆ ಬಂದ ಮಾದರಿಯನ್ನು ನಂಬಿ ಜೊತೆಯಲ್ಲಿ ಬರೆದಿದ್ದರು, ನಂತರ ತಮ್ಮ ನಂಬಿಕೆ ಮುರಿದ ಬಗೆಯನ್ನು ತಾವೇ ಬರೆದುಕೊಂಡರು. ಮೋಸಕ್ಕೆ ಪಾಸ್‌ಪೋರ್ಟ್ ಇರಲಿಲ್ಲ, ಅದನ್ನು ಹಿಡಿದವರಿಗೂ ಇರಲಿಲ್ಲ. ದೇಶದ ಮರ್ಯಾದೆ ಹೋದದ್ದು ಸುಳ್ಳು ಪಳೆಯುಳಿಕೆಯಿಂದ. ಬೆಂಗಳೂರಿನ ಪತ್ರಿಕೆಯಲ್ಲಿ ಆ ಲೇಖನ ಬಂದದ್ದರಿಂದ ಮರ್ಯಾದೆ ಒಂದಿಷ್ಟು ಉಳಿಯಿತು ಎನ್ನಬೇಕು. ಭಾರತದ ಭೂವಿಜ್ಞಾನಿಗಳು ತಮ್ಮ ಮನೆಯ ಕಸವನ್ನು ತಾವೇ ಗುಡಿಸಬಲ್ಲರು ಎಂಬುದಕ್ಕೆ ಅದೊಂದು ಮುದ್ರಿತ ಪುರಾವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಂಘ ನ್ಯಾಯಾಲಯವಲ್ಲ, ಆರೋಪಿಯ ಮಾತು ಕೇಳಿ ಸಾಕ್ಷಿ ವಿಚಾರಿಸುವ ಅಧಿಕಾರ ಅದಕ್ಕಿಲ್ಲ, ವಿಚಾರಣೆಗೆ ಮೊದಲೇ ಅಚ್ಚುಹಾಕಿದರೆ ತಪ್ಪಿಲ್ಲದವನ ಬದುಕೂ ಹಾಳಾದೀತು. ಈ ಭಯ ನಿಜ. ದೆಹಲಿಯಲ್ಲಿ 1986ರಲ್ಲಿ ಎ.ಎಸ್. ಪೈಂಟಾಲ್ ಮುಂತಾದವರು ವೈಜ್ಞಾನಿಕ ಮೌಲ್ಯಗಳ ಸಂಘವೊಂದನ್ನು ಕಟ್ಟಿದಾಗಲೂ ಇದೇ ಪ್ರಶ್ನೆ ಎದುರಾಯಿತು, ಯಾರ ಮೇಲೂ ಕ್ರಮ ಕೈಗೊಳ್ಳುವ ಕಾನೂನಿನ ಬಲ ಅದಕ್ಕೂ ಇಲ್ಲ. ಇಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಒಬ್ಬ ಮನುಷ್ಯ ಅಪರಾಧಿಯೇ ಎಂದು ತೀರ್ಮಾನಿಸುವುದು ಒಂದು. ಒಂದು ಪಳೆಯುಳಿಕೆಯನ್ನು ನಂಬಬಹುದೇ ಎಂದು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದು ಉದ್ಯೋಗ ಕೊಟ್ಟ ಸಂಸ್ಥೆಯದು, ಕಾನೂನಿನದು. ಎರಡನೆಯದು ವಿಜ್ಞಾನ ಪತ್ರಿಕೆಯದೇ, ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಬರುವುದಿಲ್ಲ. ಈ ಚಿತ್ರ ಆ ಚಿತ್ರದ ನಕಲು, ಈ ಜಾಗದಲ್ಲಿ ಇಂಥ ಪದರವಿಲ್ಲ ಎಂದು ಬರೆಯಲು ಯಾರ ಮನಸ್ಸಿನೊಳಗೆ ಏನಿತ್ತು ಎಂದು ತಿಳಿಯಬೇಕಾಗಿಲ್ಲ. ಆರೋಪಕ್ಕೊಳಗಾದವನಿಗೆ ಉತ್ತರಿಸಲು ಅದೇ ಪುಟಗಳಲ್ಲಿ ಜಾಗ ಕೊಡಬೇಕು. ‘ನೇಚರ್’ ಗುಪ್ತಾ ಅವರ ಉತ್ತರವನ್ನು ಅಚ್ಚುಹಾಕಿತು. ಅಷ್ಟಾದರೆ ಸಾಕು. ವಿಚಾರಣೆ ಮುಗಿಯಲಿ ಎಂದು ಪತ್ರಿಕೆ ಬಾಯಿ ಹೊಲಿದುಕೊಂಡಿದ್ದರೆ ಅಷ್ಟು ವರ್ಷವೂ ವಿದ್ಯಾರ್ಥಿಗಳು ಆ ಕೊನೊಡಾಂಟ್‌ಗಳನ್ನು ನಂಬಿ ನಕ್ಷೆ ಬರೆಯುತ್ತಿದ್ದರು.

ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಅವಸರವೇಕೆ ಎನ್ನುವವರೂ ಇದ್ದಾರೆ. ಈ ಮಾತು ಎಷ್ಟು ಸಲ ಕೇಳಿಬಂದಿದೆಯೆಂದರೆ ಅದನ್ನು ಯಾರೂ ತನಿಖೆ ಮಾಡುವುದಿಲ್ಲ. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಆದಿಮಾನವನ ತಲೆಬುರುಡೆ ಸಿಕ್ಕಿತೆಂದು 1912ರಲ್ಲಿ ಸಾರಿದರು. ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿ ಬಣ್ಣ ಹಚ್ಚಿದ ನಾಟಕ ಅದು ಎಂದು ಬಯಲಾದದ್ದು 1953ರಲ್ಲಿ. ನಲವತ್ತೊಂದು ವರ್ಷ. ಅದು ತಾನಾಗಿ ತಿದ್ದಿಕೊಂಡಿತೇ? ಯಾರೋ ಒಬ್ಬರು ಕಪಾಟಿನಿಂದ ಅದನ್ನು ತೆಗೆದು, ಅದರ ಮೂಳೆಯ ಚೂರನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಹಲ್ಲಿನ ಮೇಲಿನ ಅರದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರಿಂದ ಬಯಲಾಯಿತು. ಹಿಮಾಲಯದ ಪ್ರಕರಣಕ್ಕೂ ಕಾಲು ಶತಮಾನ ಹಿಡಿಯಿತು. ತಿದ್ದುಪಡಿ ಎಂಬುದು ಮಳೆಯಂತೆ ತಾನಾಗಿ ಸುರಿಯುವುದಿಲ್ಲ, ಯಾರೋ ತಮ್ಮ ಸ್ವಂತ ಸಂಶೋಧನೆ ಬದಿಗಿಟ್ಟು ಇನ್ನೊಬ್ಬರ ಕಸ ಗುಡಿಸಬೇಕು. ಆ ಕೆಲಸಕ್ಕೆ ಯಾವ ಪ್ರಶಸ್ತಿಯೂ ಇಲ್ಲ. ಬಡ್ತಿಯ ಅರ್ಜಿಯಲ್ಲಿ ಅದನ್ನು ಬರೆಯಲು ಕಾಲಂ ಕೂಡ ಇರುವುದಿಲ್ಲ.

ತಪ್ಪು ಮಾಡುವುದಕ್ಕೂ ಮೋಸ ಮಾಡುವುದಕ್ಕೂ ಇರುವ ಅಂತರವನ್ನು ಬೆಂಗಳೂರಿನದೇ ಇನ್ನೊಂದು ಸಂಗತಿ ಸ್ಪಷ್ಟಪಡಿಸುತ್ತದೆ. ಸಿ.ವಿ. ರಾಮನ್ 1934ರಲ್ಲಿ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿ ಅದೇ ವರ್ಷ ಅದರ ಪತ್ರಿಕೆ ಶುರುಮಾಡಿದರು. 1935ರಲ್ಲಿ ತಾವೇ ಟಾಟಾ ವಿಜ್ಞಾನ ಮಂದಿರಕ್ಕೆ ಕರೆಸಿಕೊಂಡ ಮ್ಯಾಕ್ಸ್ ಬಾರ್ನ್ ಜೊತೆ ಮುಂದೆ ಹರಳುಗಳೊಳಗಿನ ಪರಮಾಣುಗಳ ಕಂಪನದ ವಿಷಯದಲ್ಲಿ ಅವರಿಗೆ ದೊಡ್ಡ ಜಗಳವೇ ನಡೆಯಿತು. ತಮ್ಮ ವಾದವನ್ನು ಅವರು ತಮ್ಮ ಅಕಾಡೆಮಿಯ ಪತ್ರಿಕೆಯಲ್ಲೇ ವರ್ಷಗಟ್ಟಲೆ ಮಂಡಿಸಿದರು. ನ್ಯೂಟ್ರಾನ್ ಪ್ರಯೋಗಗಳು ಬಂದ ಮೇಲೆ ಬಾರ್ನ್ ಸರಿ, ರಾಮನ್ ತಪ್ಪು ಎಂದಾಯಿತು, ರಾಮನ್ ಕೊನೆಯವರೆಗೂ ಒಪ್ಪಲಿಲ್ಲ. ಹಟಮಾರಿತನ ಎನ್ನಿ, ಸ್ವಂತ ಪತ್ರಿಕೆಯ ಬಲ ಎನ್ನಿ, ಎರಡೂ ಸರಿಯೇ. ಆದರೆ ಅವರ ಹರಳು ಯಾವುದು, ಅದರ ಮೇಲೆ ಬಿಟ್ಟ ಬೆಳಕು ಯಾವುದು, ಫೋಟೋದಲ್ಲಿ ಬಂದ ಗೆರೆ ಯಾವುದು ಎಂಬುದೆಲ್ಲ ಪುಟದಲ್ಲೇ ಇತ್ತು. ಯಾರು ಬೇಕಾದರೂ ಅಂಥದೇ ಮತ್ತೊಂದು ಹರಳು ತಂದು ನೋಡಬಹುದಿತ್ತು, ನೋಡಿದರು, ತಪ್ಪು ಗೊತ್ತಾಯಿತು. ರಾಧಾಕೃಷ್ಣರ ವಾದವೊಂದು ಹೀಗೇ ವಿವಾದದಲ್ಲಿದೆ. ಪಶ್ಚಿಮ ಘಟ್ಟ ಈಚಿನ ಭೂಯುಗದಲ್ಲಿ ಮತ್ತೆ ಮೇಲೆದ್ದಿದೆ, ಶರಾವತಿಯಂಥ ಹೊಳೆಗಳು ಒಮ್ಮೆಗೇ ಪಾತಾಳಕ್ಕೆ ಧುಮುಕುವುದು ಆ ಏರಿಕೆಯ ಗುರುತು ಎಂದು ಅವರು 1993ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಎಲ್ಲರೂ ಒಪ್ಪಿಲ್ಲ. ಒಪ್ಪದವರು ಹೊನ್ನಾವರದಿಂದ ಬಸ್ಸು ಹತ್ತಿ ಗೇರುಸೊಪ್ಪೆ ಘಾಟಿ ಏರಿ ಜೋಗದ ಎದುರು ನಿಂತು ತಮ್ಮ ವಾದ ಕಟ್ಟಬಹುದು. ತಪ್ಪಿರಬಹುದಾದ ಮಾತಿಗೂ ವಿಳಾಸವಿದ್ದರೆ ಅದು ವಿಜ್ಞಾನದೊಳಗಿನ ಮಾತು.

ಹಾಗಾದರೆ ಪ್ರಶಸ್ತಿಗಳು ಬೇಡವೇ? ಬೇಡವೆನ್ನಲಾರೆ. ಸಂಬಳ, ಸಲಕರಣೆ, ಹೆಸರು ಎಲ್ಲವೂ ಕಡಿಮೆಯಿರುವ ಊರಿನ ಕಾಲೇಜಿನಲ್ಲಿ ಕೂತು ಕೆಲಸ ಮಾಡುವವನನ್ನು ಗುರುತಿಸುವ ದಾರಿಗಳಲ್ಲಿ ಅದೂ ಒಂದು. ತೊಂದರೆ ಪದಕದಲ್ಲಿಲ್ಲ, ಪದಕ ಕೊಡುವವರು ಓದುವ ಕಾಗದದಲ್ಲಿದೆ. ಆಯ್ಕೆ ಸಮಿತಿಯ ಮುಂದೆ ಬರುವುದು ಲೇಖನಗಳ ಪಟ್ಟಿ. ಆ ಪಟ್ಟಿಯಲ್ಲಿ 300 ಎಂಬ ಸಂಖ್ಯೆ ತಾನೇ ಒಂದು ಯೋಗ್ಯತಾಪತ್ರವಾಗಿಬಿಡುತ್ತದೆ. ವರ್ಷಕ್ಕೆ ಹನ್ನೆರಡು ಲೇಖನ, ಅದೂ ಹಿಮಾಲಯದ ಬೇರೆಬೇರೆ ಕಣಿವೆಗಳಿಂದ, ಹಿಮ ಕರಗಿ ದಾರಿ ತೆರೆಯುವ ನಾಲ್ಕು ತಿಂಗಳಲ್ಲಿ, ಅಷ್ಟೊಂದು ಕಲ್ಲು ಕರಗಿಸಿ ಹೇಗೆ ಸಾಧ್ಯ ಎಂದು ಬೆರಳೆಣಿಕೆ ಮಾಡಿದ್ದರೆ ಅನುಮಾನ ಬಹಳ ಬೇಗ ಬರಬೇಕಿತ್ತು. ಈಗ ಎಣಿಕೆಯನ್ನೇ ಕಾವಲಿಗೂ ನಿಲ್ಲಿಸಿದ್ದೇವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಕಂಪ್ಯೂಟರ್ ಹೋಲಿಸಿ ಹೇಳುತ್ತದೆ. ವಾಕ್ಯ ಕದ್ದವನನ್ನು ಹಿಡಿಯಲು ಇದು ಒಳ್ಳೆಯ ಬಲೆ, ಸಣ್ಣಪುಟ್ಟ ಮೀನು ಬೀಳುತ್ತದೆ. ಆದರೆ ಮೊರಾಕೊದ ಅಮ್ಮೊನಾಯ್ಡನ್ನು ಸ್ವಂತ ಮಾತುಗಳಲ್ಲಿ ವರ್ಣಿಸಿ ಹಿಮಾಚಲದ್ದೆಂದು ಬರೆದರೆ ಆ ಯಂತ್ರ ತೋರಿಸುವ ಅಂಕೆ ಸೊನ್ನೆ. ಮಾತೆಲ್ಲ ಹೊಸದು, ಊರು ಮಾತ್ರ ಸುಳ್ಳು. ಇಂಥದ್ದನ್ನು ಹಿಡಿಯುವುದು ಆ ಕಣಿವೆಯನ್ನು ನಡೆದು ಬಲ್ಲ ಇನ್ನೊಬ್ಬ ಮನುಷ್ಯ, ಅವನ ಮಾತಿಗೆ ಪುಟ ಕೊಡುವ ಸಂಪಾದಕ. 1995ರಿಂದ 2013ರವರೆಗೆ ‘ಕರೆಂಟ್ ಸೈನ್ಸ್’ ಸಂಪಾದಕರಾಗಿದ್ದ ಪಿ. ಬಲರಾಮ್ ತಮ್ಮ ಸಂಪಾದಕೀಯಗಳಲ್ಲಿ ಸಂಶೋಧನೆಯ ಕಳ್ಳತನ, ಎಣಿಕೆಯ ಹುಚ್ಚು ಎರಡರ ಬಗ್ಗೆಯೂ ಬರೆದದ್ದು ಈ ಪರಂಪರೆಗೆ ಸೇರಿದ ಕೆಲಸ.

ಕಾಲ ಬದಲಾಗಿದೆ ಎಂಬುದೂ ನಿಜ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಒಂದು ಲೇಖನದ ಚಿತ್ರಗಳನ್ನು ಓದುಗರು ಅನುಮಾನಿಸಿದರು. ಒಂದು ವರ್ಷ ತುಂಬುವ ಮೊದಲೇ, 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇಪ್ಪತ್ತೈದು ವರ್ಷ ಎಲ್ಲಿ, ಒಂದು ವರ್ಷದೊಳಗೆ ಎಲ್ಲಿ! ಆದರೆ ಆ ಚಿತ್ರಗಳು ಪರದೆಯ ಮೇಲಿದ್ದವು, ಕೂತಲ್ಲೇ ಹಿಗ್ಗಿಸಿ ನೋಡಬಹುದಿತ್ತು. ಭೂವಿಜ್ಞಾನದ ಪುರಾವೆ ಹಾಗೆ ಪರದೆಗೆ ಬರುವುದಿಲ್ಲ, ಬೆಟ್ಟದಲ್ಲೇ ಉಳಿಯುತ್ತದೆ.

ಗುಪ್ತಾ ಪ್ರಕರಣ ಕೊನೆಗೆ ಏನಾಯಿತು ಎಂದರೆ, ವಿಶ್ವವಿದ್ಯಾಲಯ ನೇಮಿಸಿದ ನಿವೃತ್ತ ನ್ಯಾಯಾಧೀಶರ ವಿಚಾರಣೆ ಆರೋಪಗಳನ್ನು ಎತ್ತಿಹಿಡಿಯಿತು. ಕೆಲಸ ಮಾತ್ರ ಹೋಗಲಿಲ್ಲ, ನಿವೃತ್ತಿಯವರೆಗೂ ಅವರು ಅಲ್ಲೇ ಇದ್ದರು. ಶಿಕ್ಷೆ ಸಾಲದು ಎಂದು ಕೋಪಿಸಿಕೊಳ್ಳುವವರಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಗ್ರಂಥಾಲಯದ್ದು. ಅಚ್ಚಾದ ಪುಟವನ್ನು ರ‍್ಯಾಕಿನಿಂದ ಯಾರೂ ಕಿತ್ತುಹಾಕುವುದಿಲ್ಲ. ಆ ನೂರಾರು ಲೇಖನಗಳು ಹಳೆಯ ಸಂಪುಟಗಳಲ್ಲಿ ರಟ್ಟು ಕಟ್ಟಿಸಿಕೊಂಡು ಈಗಲೂ ನಿಂತಿವೆ, ಸಹಲೇಖಕರ ದೊಡ್ಡ ಹೆಸರುಗಳೊಂದಿಗೆ. ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಯಾವ ಪದರ ಎಷ್ಟು ಹಳೆಯದು ಎಂದು ಹುಡುಕುವ ವಿದ್ಯಾರ್ಥಿಯ ಕೈಗೆ ಅವು ಸಿಗುತ್ತವೆ. 1989ರ ಬೆಂಗಳೂರಿನ ಸಂಚಿಕೆ ಇರುವುದು ಬೇರೆ ಸಾಲಿನಲ್ಲಿ. ಒಂದನ್ನು ತೆಗೆದವನು ಇನ್ನೊಂದನ್ನೂ ತೆಗೆಯುವಂತೆ ಮಾಡುವ ಚೀಟಿಯನ್ನು ಯಾವ ಗ್ರಂಥಾಲಯವೂ ರಟ್ಟಿನೊಳಗೆ ಅಂಟಿಸುವುದಿಲ್ಲ, ಅದನ್ನು ಈಗಲೂ ಮೇಷ್ಟರು ಬಾಯಿಮಾತಿನಲ್ಲೇ ಹೇಳಬೇಕಾಗಿದೆ.